ಗೊರಕೆ ಮಾವ

ಜಾಹೀರಾತಿನಲ್ಲಿ ಯಾರೂ ನಿಜವಾಗಿ ನಿದ್ದೆ ಮಾಡುವುದಿಲ್ಲ ಎಂಬುದನ್ನು ಆ ಹುಡುಗಿ ತುಂಬಾ ಮೊದಲೇ ಕಂಡುಹಿಡಿದಿದ್ದಳು. ಹಾಸಿಗೆಯ ಜಾಹೀರಾತಿನ ಹೆಂಗಸು ತುಟಿಗೆ ಬಣ್ಣ ಬಳಿದುಕೊಂಡೇ ಮಲಗುತ್ತಾಳೆ. ಬೆಳಗ್ಗೆ ಎದ್ದಾಗ ಕೂದಲು ಒಂದೆಳೆಯೂ ಕೆದರಿರುವುದಿಲ್ಲ. ಸೋಪಿನ ಜಾಹೀರಾತಿನ ಮಕ್ಕಳು ಕೆಸರಿನಲ್ಲಿ ಹೊರಳಾಡಿ ಬಂದರೂ ತಾಯಿ ನಗುನಗುತ್ತಾ ಬಾಗಿಲು ತೆರೆಯುತ್ತಾಳೆ. “ನಮ್ಮಮ್ಮನ ಮುಂದೆ ಹಾಗೆ ಬಂದು ನಿಲ್ಲಲಿ ನೋಡೋಣ” ಎನ್ನುವುದು ಹುಡುಗಿಯ ವಾದ. ಟೀವಿಯಲ್ಲಿ ಬರುವ ಒಂದೊಂದು ಜಾಹೀರಾತಿನ ಮೇಲೂ ಅವಳು ಹೀಗೆ ಕೇಸು ಹಾಕುತ್ತಿದ್ದುದರಿಂದ ಸೋದರಮಾವ ಅವಳನ್ನು ಲಾಯರಮ್ಮ ಎಂದು ಕರೆಯುತ್ತಿದ್ದ.

ಲಾಯರಮ್ಮನ ಇನ್ನೊಂದು ಗುಟ್ಟು ಮಾವನಿಗೆ ಗೊತ್ತಿರಲಿಲ್ಲ. ಅವಳ ಜಾಮೆಟ್ರಿ ಡಬ್ಬಿಯ ಮುಚ್ಚಳದ ಒಳಗೆ ಒಬ್ಬ ಸಿನಿಮಾ ನಟನ ಚಿತ್ರ ಅಂಟಿಸಿತ್ತು. ಅದೂ ಒಂದು ಶಾಂಪೂ ಜಾಹೀರಾತಿನಿಂದ ಕತ್ತರಿಸಿದ್ದು.

ಅಮ್ಮ ಆಸ್ಪತ್ರೆಯಲ್ಲಿ ನರ್ಸು. ಅವಳ ಡ್ಯೂಟಿ ಮುಗಿಯುವವರೆಗೆ ಹುಡುಗಿ ಮಾವನ ಹಾಸಿಗೆ ಅಂಗಡಿಯಲ್ಲಿ ಇರಬೇಕು. ಅಂಗಡಿಯ ಮುಂಭಾಗಕ್ಕೆ ಅಗಲವಾದ ಗಾಜು, ಗಾಜಿನ ಹಿಂದೆ ಗಿರಾಕಿಗಳಿಗೆ ತೋರಿಸಲು ಒಂದು ಡಬಲ್ ಮಂಚ. ಅರ್ಧ ಗೋಡೆಯ ಆಚೆ ಅತ್ತೆಯ ಹೊಲಿಗೆ ಮೆಷಿನ್ನು, ಹತ್ತಿಯ ಮೂಟೆಗಳು, ಸ್ಪಂಜಿನ ಹಾಳೆಗಳು. ಹತ್ತಿಯ ಧೂಳು ಎಲ್ಲರ ಹುಬ್ಬಿನ ಮೇಲೂ ಕೂತು, ಸಂಜೆಯ ಹೊತ್ತಿಗೆ ಇಡೀ ಕುಟುಂಬಕ್ಕೆ ವಯಸ್ಸಾದಂತೆ ಕಾಣುತ್ತಿತ್ತು.

ಊಟ ಮುಗಿದ ಮೇಲೆ ಗಿರಾಕಿಗಳು ಕಡಿಮೆ. ಆಗ ಮಾವ ಆ ಡಬಲ್ ಮಂಚದ ಮೇಲೆ ಅಡ್ಡಾಗುತ್ತಿದ್ದ. ಅವನದು ನೋಡಲೇಬೇಕಾದ ನಿದ್ದೆ. ಒಂದು ಕಾಲು ಮಂಚದ ಹೊರಗೆ ಜೋತುಬಿದ್ದಿರುತ್ತಿತ್ತು, ಕನ್ನಡಕ ಹಣೆಗೇರಿರುತ್ತಿತ್ತು, ಅಳತೆ ಟೇಪು ಕೊರಳಲ್ಲೇ ಇರುತ್ತಿತ್ತು. ಬಾಯಿ ಬಾವಿಯಂತೆ ತೆರೆದಿರುತ್ತಿತ್ತು. ಗೊರಕೆ ಏರುತ್ತಾ ಏರುತ್ತಾ ಹೋಗಿ ಥಟ್ಟನೆ ನಿಲ್ಲುವುದು. ಕೇಳುವವರಿಗೆ ಎದೆ ಧಸಕ್ಕೆನ್ನುವಷ್ಟರಲ್ಲಿ ಸಣ್ಣದೊಂದು ಸೀಟಿ ಹೊಡೆದುಕೊಂಡು ಮತ್ತೆ ಶುರುವಾಗುವುದು. ಗಿರಾಕಿ ಬಂದರೆ ಅತ್ತೆ ಅಳತೆ ಕೋಲಿನಿಂದ ಮಂಚದ ಕಾಲಿಗೆ ಒಂದೇಟು ಹಾಕುತ್ತಿದ್ದಳು. ಮಾವ ಕಣ್ಣು ಬಿಡುವ ಮೊದಲೇ “ಸಿಂಗಲ್ಲಾ ಡಬಲ್ಲಾ?” ಎನ್ನುತ್ತಾ ಎದ್ದು ಕೂರುತ್ತಿದ್ದ.

ಒಂದು ರಜೆಯ ದಿನ ಅತ್ತೆ ಬಟ್ಟೆ ತರಲು ಹೋಗಿದ್ದಾಗ ಮುದುಕರೊಬ್ಬರು ಒಳಗೆ ಬಂದರು. ಮಂಚದ ಅಂಚಿನಲ್ಲಿ ಕೂತು ಹಾಸಿಗೆಯನ್ನು ಒತ್ತಿ ನೋಡಿದರು. ಪಕ್ಕದಲ್ಲಿ ಮಲಗಿದ್ದ ಮಾವನನ್ನು ನೋಡಿದರು. ಅತ್ತಿತ್ತ ನೋಡಿ, ಚಪ್ಪಲಿ ಕಳಚಿ, ಮೆಲ್ಲಗೆ ಅವನ ಪಕ್ಕದಲ್ಲೇ ಮಲಗಿಬಿಟ್ಟರು. ಸ್ವಲ್ಪ ಹೊತ್ತಿನಲ್ಲಿ ಎರಡು ಗೊರಕೆಗಳು ಪ್ರಶ್ನೋತ್ತರ ನಡೆಸತೊಡಗಿದವು. ಹುಡುಗಿ ನಗು ತಡೆದುಕೊಂಡು ಫೋನಿನಲ್ಲಿ ಅದನ್ನು ಹಿಡಿದಳು. ‘ನಮ್ಮಲ್ಲಿ ಜಾಹೀರಾತಿಲ್ಲ, ನಿದ್ದೆ ಇದೆ’ ಎಂದು ಬರೆದು ಹಾಕಿಯೂ ಬಿಟ್ಟಳು.

ಅಲ್ಲಿಯವರೆಗೆ ಅವಳು ಏನು ಹಾಕಿದರೂ ಲೈಕು ಕೊಡುತ್ತಿದ್ದವರು ಕ್ಲಾಸಿನ ಗೆಳತಿಯರು ಮಾತ್ರ, ಅದೂ ಫೋನು ಮಾಡಿ ನೆನಪಿಸಿದ ಮೇಲೆ. ಈ ವಿಡಿಯೊ ಮಾತ್ರ ಯಾರ ಹಂಗೂ ಇಲ್ಲದೆ ಓಡಿತು. ‘ಈ ಪುಣ್ಯಾತ್ಮನ ಹೆಂಡತಿ ಮನೆಯಲ್ಲಿಲ್ಲ’ ಎಂದು ಒಬ್ಬರು ಬರೆದರು. ‘ನನ್ನ ನಿದ್ದೆಯನ್ನೂ ಇವರೇ ಮಾಡುತ್ತಿದ್ದಾರೆ’ ಎಂದು ಇನ್ನೊಬ್ಬರು. ಯಾರೋ ಗೊರಕೆಗೆ ಡ್ರಮ್ಸ್ ಸೇರಿಸಿದರು, ಮತ್ಯಾರೋ ಅದಕ್ಕೆ ಕುಣಿದರು. ವಾರ ಕಳೆಯುವಷ್ಟರಲ್ಲಿ ಅವಳ ಮಾವ ಊರಿಗೆಲ್ಲ ಗೊರಕೆ ಮಾವನಾದ.

ಮೊದಮೊದಲು ಮಾವ ಹಿಗ್ಗಿದ. ಮಧ್ಯಾಹ್ನವಾದರೆ ಗಾಜಿನ ಹೊರಗೆ ಜನ ಸೇರುತ್ತಿದ್ದರು. ಯಾರಿಗೂ ಹಾಸಿಗೆ ಬೇಕಿರಲಿಲ್ಲ, ನಿದ್ದೆ ನೋಡಬೇಕಿತ್ತು ಅಷ್ಟೇ. ಮಾವ ಗಡ್ಡ ಬೋಳಿಸಿ, ಇಸ್ತ್ರಿಯ ಅಂಗಿ ತೊಟ್ಟು, ಎರಡೂ ಕಾಲು ಜೋಡಿಸಿ, ಎದೆಯ ಮೇಲೆ ಕೈ ಇಟ್ಟುಕೊಂಡು ನೇರವಾಗಿ ಮಲಗಿದ. ಅತ್ತೆ ಗೋಡೆಯ ಮೇಲಿಂದ ಇಣುಕಿ ನೋಡಿದಳು.

“ಹೀಗೆ ಮಲಗಿದ್ರೆ ಜನ ಹೂವು ತಂದು ಮೇಲೆ ಹಾಕ್ತಾರೆ” ಎಂದಳು.

ನಿದ್ದೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಮನೆಯಲ್ಲೂ ಮಾವ ಮಗ್ಗುಲು ಬದಲಿಸುತ್ತಾ ಸೂರು ನೋಡತೊಡಗಿದ. ಒಂದು ಸಂಜೆ ಸ್ಪಂಜಿನ ಹಾಳೆ ಕತ್ತರಿಸುತ್ತಾ ಹುಡುಗಿಯನ್ನು ಕೇಳಿದ:

“ಲಾಯರಮ್ಮ, ನನ್ನ ಬಾಯಿ ಯಾವಾಗ್ಲೂ ಅಷ್ಟು ತೆರೆದಿರತ್ತಾ?”

“ಸ್ವಲ್ಪ.”

“ಇಷ್ಟು ವರ್ಷ ಯಾರೂ ಹೇಳ್ಲೇ ಇಲ್ಲ ನೋಡು. ಈಗ ಕಣ್ಣು ಮುಚ್ಚಿದ್ರೆ ಸಾಕು, ಬಾಯಿ ಎಲ್ಲಿದೆ ಅಂತ ಕಾವಲು ಕಾಯೋದೇ ಕೆಲಸ ಆಗಿದೆ.”

ಅವನು ನಗುತ್ತಲೇ ಹೇಳಿದ. ಆದರೂ ಹುಡುಗಿ ಆ ರಾತ್ರಿ ಊಟಕ್ಕೆ ಮೊದಲೇ ಫೋನು ಕೈಗೆತ್ತಿಕೊಂಡಳು. ವಿಡಿಯೊ ಅಳಿಸಿಹಾಕಿದಳು. ಅಷ್ಟರಲ್ಲಿ ಅದರ ಮರಿಗಳು ಊರೆಲ್ಲ ಓಡಾಡುತ್ತಿದ್ದವು. ಮಾವನಿಗೆ ಇನ್ನೊಂದು ಅಭ್ಯಾಸವೂ ಹತ್ತಿಕೊಂಡಿತ್ತು: ಯಾರ ಕೈಯಲ್ಲಿ ಫೋನು ಕಂಡರೂ ತಟ್ಟನೆ ತುಟಿ ಬಿಗಿಯುತ್ತಿದ್ದ. ಮಾತಿನ ಮಧ್ಯದಲ್ಲಿದ್ದರೂ ಅಷ್ಟೇ.

ಹೀಗಿರುವಾಗ ಒಂದು ಹಾಸಿಗೆ ಕಂಪನಿಯವರು ಬಂದರು. ಗೊರಕೆ ಮಾವನನ್ನು ಅವನ ಅಂಗಡಿಯಲ್ಲೇ, ಅವನ ಮಂಚದ ಮೇಲೇ ಮಲಗಿಸಿ ಜಾಹೀರಾತು ಮಾಡಬೇಕಂತೆ. ಮಾವ ಬೇಡವೆನ್ನಲಾರದೆ ಒಪ್ಪಿಕೊಂಡ. ದೀಪಗಳು ಬಂದವು, ವೈರುಗಳು ಬಂದವು, ಜುಟ್ಟು ಕಟ್ಟಿದ ಡೈರೆಕ್ಟರು ಬಂದ.

“ನಮಗೆ ಬೇಕಿರೋದು ಸಹಜತೆ” ಎಂದ ಡೈರೆಕ್ಟರು. “ನೀವು ಏನೂ ಮಾಡ್ಬೇಡಿ. ಸುಮ್ನೆ ಮಲಗಿ.”

ಮಾವ ಮಲಗಿದ. ಆಗ ಸಹಜತೆಯ ತಯಾರಿ ಶುರುವಾಯಿತು. ಮೊದಲು ಟೇಪು ತೆಗೆಸಿದರು. ಆಮೇಲೆ ಕಾಲು ಒಳಗೆ ಸೇರಿತು. ಮೂಗಿಗೆ ಪೌಡರು ಬಿತ್ತು. ಬಾಯಿ ಮುಚ್ಚಬೇಕು, ಆದರೆ ಗೊರಕೆ ಬರಬೇಕು, ಅದೂ ಕಿವಿಗೆ ಹಿತವಾಗಿ.

“ಸರ್, ನೀವು ಎಚ್ಚರ ಇರೋದು ಗೊತ್ತಾಗ್ತಿದೆ” ಎಂದ ಡೈರೆಕ್ಟರು.

“ನನಗೂ ಗೊತ್ತಾಗ್ತಿದೆ ಸ್ವಾಮಿ” ಎಂದ ಮಾವ.

ಮಧ್ಯಾಹ್ನದವರೆಗೆ ಒದ್ದಾಡಿ ಕೊನೆಗೆ ಅವರು ಕೈಚೆಲ್ಲಿದರು. ಮಾವನ ಬದಲು ಬೇರೊಬ್ಬರನ್ನು ಕಳಿಸಿ ಎಂದು ಕಂಪನಿಗೆ ಫೋನು ಹೋಯಿತು. ಸಂಜೆಗೆ ಮುಂಚೆ ಅಂಗಡಿಯ ಮುಂದೆ ಉದ್ದನೆಯ ಕಾರೊಂದು ನಿಂತಿತು. ಇಳಿದು ಬಂದವನನ್ನು ನೋಡಿ ಹುಡುಗಿ ಗಾಜಿಗೆ ಮೂಗು ಒತ್ತಿದಳು. ಜಾಮೆಟ್ರಿ ಡಬ್ಬಿಯ ನಟ.

ಚಿತ್ರದಲ್ಲಿದ್ದಷ್ಟು ಎತ್ತರವಿರಲಿಲ್ಲ. ಕಣ್ಣಿನ ಕೆಳಗೆ ಬಳಿದ ಬಣ್ಣದ ಅಡಿಯಲ್ಲೂ ಕಪ್ಪು ಕಾಣುತ್ತಿತ್ತು. ಎಲ್ಲರಿಗೂ ಒಂದೇ ಅಳತೆಯ ನಗು ಹಂಚಿ, ಹೇಳಿದ ಕಡೆ ಮಲಗಿದ. ಇತ್ತ ದೀಪದ ಹುಡುಗರು ದೀಪ ಸರಿಸುತ್ತಿದ್ದಂತೆ ಅತ್ತ ಅವನ ಕತ್ತು ಒಂದು ಕಡೆಗೆ ವಾಲಿತು. ಕಾಲು ಮಂಚದಾಚೆ ಜಾರಿತು. ಬಾಯಿ ತೆರೆಯಿತು. ಗೊರಕೆಯೂ ಬಂತು.

“ಸರ್, ನಿದ್ದೆ ಮಾಡ್ಬೇಡಿ” ಎಂದು ಡೈರೆಕ್ಟರು ಭುಜ ಅಲುಗಿಸಿದ. “ನಿದ್ದೆ ಮಾಡೋ ಹಾಗೆ ಮಾಡಿ.”

ನಟ ತಲೆಯಾಡಿಸಿ, ಮೋಹಕವಾಗಿ ಕಣ್ಣು ಮುಚ್ಚಿ, ಮತ್ತೆ ಅದೇ ಒರಟು ಗೊರಕೆಗೆ ಇಳಿದ. ದಿಂಬಿನ ಮೇಲೆ ಜೊಲ್ಲು ಹರಿಯಿತು. ಮೇಕಪ್ಪಿನವಳು ಒರೆಸಿದಳು, ಅದು ಮತ್ತೆ ಹರಿಯಿತು.

“ಎಬ್ಬಿಸ್ಬೇಡಿ ಪಾಪ” ಎಂದ ಮಾವ. “ಎಷ್ಟು ದಿನದ ಬಾಕಿಯೋ ಏನೋ.”

“ಮೊದಲು ಆ ದೀಪ ಆರಿಸಿ. ಕಣ್ಣಿಗೆ ಹೊಡೀತಿದೆ” ಎಂದಳು ಅತ್ತೆ. ಅವಳ ಕೈಯಲ್ಲಿ ಅಳತೆ ಕೋಲು ಇದ್ದುದರಿಂದಲೋ ಏನೋ, ದೀಪಗಳು ಆರಿದವು. ಡೈರೆಕ್ಟರು ಹಣೆ ಹಿಡಿದುಕೊಂಡು ತನ್ನವರೊಂದಿಗೆ ಟೀ ಕುಡಿಯಲು ಹೋದ.

ಹುಡುಗಿಯ ಫೋನು ತಾನಾಗಿಯೇ ಜೇಬಿನಿಂದ ಹೊರಬಂದಿತ್ತು. ಇದನ್ನು ಹಾಕಿದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಜಾಹೀರಾತಿನವರು ಮುಚ್ಚಿಡುವುದನ್ನೆಲ್ಲ ತಾನು ಬಯಲಿಗೆಳೆಯುವವಳು ಎಂದು ಅವಳು ನಂಬಿಕೊಂಡಿದ್ದಳು. ಇಲ್ಲಿ ಸುಳ್ಳೇ ಇರಲಿಲ್ಲ, ಅಪ್ಪಟ ನಿಜ ಜೊಲ್ಲು ಸುರಿಸುತ್ತಾ ಮಲಗಿತ್ತು. ಅವಳು ಫೋನು ಎತ್ತಿ ಹಿಡಿದಳು.

ಮಂಚದ ಆ ಬದಿಯಲ್ಲಿ ನಿಂತಿದ್ದ ಮಾವ ಇತ್ತ ತಿರುಗಿದ. ಫೋನು ಕಂಡದ್ದೇ ತುಟಿ ಬಿಗಿದುಕೊಂಡ, ಅಷ್ಟೇ.

ಹುಡುಗಿ ಫೋನು ಜೇಬಿಗಿಟ್ಟು, ಸ್ಟೂಲಿನ ಮೇಲೆ ಹತ್ತಿ, ಅತ್ತೆ ಹೊಲಿದಿಟ್ಟಿದ್ದ ದೊಡ್ಡ ಹೊದಿಕೆಯೊಂದನ್ನು ಗಾಜಿಗೆ ಅಡ್ಡವಾಗಿ ಕಟ್ಟತೊಡಗಿದಳು. ಹೊರಗೆ ಸೇರಿದ್ದವರು ಗಾಜು ಬಡಿದರು. ಅತ್ತೆ ಬಂದು ಇನ್ನೊಂದು ತುದಿಯನ್ನು ಹಿಡಿದುಕೊಂಡಳು.

ನಟನಿಗೆ ಎಚ್ಚರವಾದಾಗ ಅಂಗಡಿಯೊಳಗೆ ಮಬ್ಬು ಕವಿದಿತ್ತು. ಎದ್ದು ಕೂತವನೇ ಬಾಯಿ ಒರೆಸಿಕೊಂಡ.

“ಯಾರಾದ್ರೂ ವಿಡಿಯೊ ತೆಗೆದ್ರಾ?” ಎಂದು ಕೇಳಿದ.

“ಇಲ್ಲ” ಎಂದಳು ಹುಡುಗಿ.

ಅವನು ಗಾಜಿಗೆ ಕಟ್ಟಿದ್ದ ಹೊದಿಕೆಯನ್ನು ನೋಡಿದ, ಅವಳನ್ನು ನೋಡಿದ. “ನಿನಗೊಂದು ಸೆಲ್ಫಿ ಬೇಕಾ?”

“ಬೇಡ ಸರ್. ನಿಮ್ಮ ಕೆನ್ನೆ ಮೇಲೆ ದಿಂಬಿನ ಗೆರೆ ಬಿದ್ದಿದೆ.”

ಅವನು ನಕ್ಕ. ಶಾಂಪೂವಿನವರಿಗೆ ಸಿಗದ ನಗು ಅದು. ವಸಡು ಕಾಣುತ್ತಿತ್ತು, ಒಂದು ಹಲ್ಲು ಸೊಟ್ಟಗಿತ್ತು.

ಜಾಹೀರಾತನ್ನು ಆಮೇಲೆ ಬೇರೆಲ್ಲೋ ತೆಗೆದರು. ಅದರಲ್ಲಿ ನಟ ಬಾಯಿ ಮುಚ್ಚಿಕೊಂಡು ಚೆಂದವಾಗಿ ಮಲಗಿ, ಬಾಚಿದ ಕೂದಲಿನಲ್ಲೇ ಏಳುತ್ತಾನೆ. “ಎಷ್ಟು ನ್ಯಾಚುರಲ್ ಅಲ್ವಾ?” ಎಂದು ಗೆಳತಿಯರು ಬಾಯಿಬಾಯಿ ಬಿಟ್ಟರು. ಲಾಯರಮ್ಮನ ಬಾಯಿಯ ತುದಿಗೆ ಬಂದ ವಾದ ಅಲ್ಲಿಂದಲೇ ಹಿಂತಿರುಗಿತು. ಅಷ್ಟು ದೊಡ್ಡ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುವುದು ಕಷ್ಟವೇ ಆಯಿತು. ಒಂದೆರಡು ದಿನ ಬಿಕ್ಕಳಿಕೆಯೂ ಬಂತು.

ಜನ ಅಷ್ಟರಲ್ಲಿ ಗೊರಕೆಯನ್ನು ಮರೆತು, ಟ್ರಾಫಿಕ್ ಪೊಲೀಸನನ್ನು ಬೈಯುವ ಗಿಳಿಯೊಂದರ ಹಿಂದೆ ಬಿದ್ದಿದ್ದರು. ಗಾಜಿನ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ. ಆದರೂ ಮಾವ ಮಂಚದ ಹತ್ತಿರ ಸುಳಿಯಲಿಲ್ಲ. ಗೋಡೆಯ ಹಿಂದೆ ಮೂಟೆಗಳ ನಡುವೆ ಸುಮ್ಮನೆ ಒರಗಿಕೊಳ್ಳುತ್ತಿದ್ದ. ಒಂದು ಮಧ್ಯಾಹ್ನ ಹೊಲಿಗೆ ಮೆಷಿನ್ನಿನ ಸದ್ದು ನಿಂತಾಗ ಬೇರೆ ಸದ್ದೊಂದು ಕೇಳಿಸಿತು. ಅದು ಏರಿತು, ನಿಂತಿತು, ಸೀಟಿ ಹೊಡೆಯಿತು. ಅತ್ತೆ ತುಟಿಯ ಮೇಲೆ ಬೆರಳಿಟ್ಟು ಹುಡುಗಿಯ ಕಡೆ ನೋಡಿದಳು.

ಅದೇ ಹೊತ್ತಿಗೆ ದಣಿದ ಮುಖದ ಹೆಂಗಸೊಬ್ಬಳು ಒಳಗೆ ಬಂದಳು. ಹುಡುಗಿಯೇ ಹೋಗಿ ಮಾತಾಡಿಸಿದಳು.

“ಇದರಲ್ಲಿ ಯಾವುದು ಒಳ್ಳೇದಮ್ಮ?” ಎಂದು ಹೆಂಗಸು ಹಾಸಿಗೆಗಳನ್ನು ತೋರಿಸಿದಳು.

ಹೇಳಲು ಹುಡುಗಿಯ ಹತ್ತಿರ ಸಾಲುಗಳಿಗೆ ಬರವಿರಲಿಲ್ಲ. ಜಾಹೀರಾತುಗಳೆಲ್ಲ ಅವಳಿಗೆ ಬಾಯಿಪಾಠ.

“ಚಪ್ಪಲಿ ಬಿಟ್ಟು ಮಲಗಿ ನೋಡಿ ಆಂಟಿ” ಎಂದಳು ಮೆಲುದನಿಯಲ್ಲಿ. “ಆರಾಮಾಗಿ. ನಾನು ಆ ಕಡೆ ತಿರುಗಿರ್ತೀನಿ.”