ಹೇಂಟೆಗೆ ಬಿದ್ದ ಈಡು

ಬಸ್ ಡಿಪೋದಲ್ಲಿ ಮೊದಲು ಬಾಯಿ ಬಿಟ್ಟವನು ಟೈರಿಗೆ ಗಾಳಿ ತುಂಬುವವನು. "ಏನು ವೆಲ್ಡಾ, ನಿನ್ನ ಕೋಳಿಗೂ ಪಂಕ್ಚರ್ ಹಾಕ್ಬೇಕಂತೆ?"

ಹದಿನಾರು ವರ್ಷದಿಂದ ಆ ಗುಡ್ಡಗಳಲ್ಲಿ ಶಾಲೆಯ ಬಸ್ಸು ಓಡಿಸುತ್ತಿರುವ ವೆಲ್ಡಾ ಇಂಥ ಕುಹಕಕ್ಕೆಲ್ಲ ನಡೆಯುತ್ತಲೇ ಉತ್ತರ ಕೊಟ್ಟು ಮುಂದೆ ಹೋಗುವವಳು. ಇವತ್ತು ನಿಂತಳು. "ಯಾರು ಹೇಳಿದ್ದು?"

"ರಾಯ್ಸೇ. ಬೆಳಗ್ಗೆಯಿಂದ ಹೋಟ್ಲಲ್ಲಿ ಅದೇ ಕಥೆ. ಸರ್ಕಾರಿ ಕಾಡಲ್ಲಿ ಹುಂಜದ ಗೊಂಬೆ ನಿಲ್ಸಿದ್ಯಂತಲ್ಲ. ಇನ್ನೇನಾಗುತ್ತೆ ಮತ್ತೆ?"

ಹುಂಜ ಎಂಬ ಆ ಒಂದು ಮಾತಿಗೆ ಅವಳ ಮೈಯೆಲ್ಲ ಉರಿಯಿತು.

ರಾಯ್ಸ್ ಅವಳ ಗಂಡನ ಅಣ್ಣ. ಪ್ರತಿ ವಸಂತದಲ್ಲೂ ಅಗ್ನಿಶಾಮಕ ಠಾಣೆಯ ಹಾಲ್‌ನಲ್ಲಿ ಹೊಸಬರಿಗೆ ಬೇಟೆಯ ಪಾಠ ಹೇಳುವವನು. ವೆಲ್ಡಾ ಕಲಿತದ್ದೂ ಅವನ ಹತ್ತಿರವೇ. ಈ ಕಾಲದಲ್ಲಿ ಹೊಡೆಯುವುದು ಎದೆಯಿಂದ ಗಡ್ಡ ಜೋತುಬಿದ್ದ ಕಾಡು ಟರ್ಕಿ ಕೋಳಿಯನ್ನು, ಎಂದರೆ ಹುಂಜವನ್ನು ಮಾತ್ರ. ಗಡ್ಡ ಕಣ್ಣಿಗೆ ಬೀಳುವ ತನಕ ಬೆರಳು ಬಂದೂಕಿನ ಕುದುರೆಗೆ ಹೋಗಕೂಡದು. ಹುಂಜದ ಗೊಂಬೆಯನ್ನು ಸ್ವಂತ ಜಮೀನಿನಲ್ಲಿ ಬೇಕಾದರೆ ನಿಲ್ಲಿಸಿ, ಊರವರೆಲ್ಲ ಬರುವ ಕಾಡಿನಲ್ಲಿ ಬೇಡ. ಅದರ ಕೆಂಪು ತಲೆ ಕಂಡ ಕೂಡಲೇ ಯಾವನಾದರೂ ಈಡು ಹಾರಿಸಿಯಾನು. ಇವೆಲ್ಲ ಅವನದೇ ಮಾತುಗಳು. ಆ ಮಾತು ಕೇಳಿಯೇ ಅವಳು ಹುಂಜವನ್ನು ಮೋಸಗೊಳಿಸಿ ಹತ್ತಿರ ಸೆಳೆಯುವ ಎರಡು ಗಾಳಿ ಗೊಂಬೆ ಕೊಂಡಿದ್ದಳು. ಹಿತ್ತಲ ಹುಲ್ಲುಗಾವಲಿಗೊಂದು ಎಳೆ ಹುಂಜ, ಕಾಡಿಗೊಂದು ಹೇಂಟೆ. ಮಡಚಿದರೆ ಎರಡೂ ಒಂದೇ ಜೇಬಿಗೆ ಹಿಡಿಸುತ್ತಿದ್ದವು.

ನಿನ್ನೆ ಬೆಳಕು ಹರಿಯುವಾಗ ಹೇಂಟೆಯನ್ನು ಮುಕ್ಕಾಲು ಪಾಲು ಮಾತ್ರ ಊದಿ ಕಡ್ಡಿಗೆ ಸಿಕ್ಕಿಸಿದ್ದಳು. ಪೂರ್ತಿ ಊದಿದರೆ ಮೈ ಬಿಗಿದು ಹೊಳೆಯುತ್ತದೆ. ನಿಜವಾದ ಹುಂಜ ದೂರದಲ್ಲೇ ನಿಂತು ನೋಡಿ ವಾಪಸ್ ಹೋಗುತ್ತದೆ. ಗೊಂಬೆಯಿಂದ ಹದಿನೆಂಟು ಹೆಜ್ಜೆ ಹಿಂದೆ, ತನ್ನ ಭುಜಕ್ಕಿಂತ ಅಗಲವಾದ ಓಕ್ ಮರಕ್ಕೆ ಬೆನ್ನು ಕೊಟ್ಟು ಕುಳಿತಿದ್ದಳು. ಸಣ್ಣ ಗಾಳಿಗೆ ಹೇಂಟೆ ಅತ್ತಿತ್ತ ತಿರುಗುತ್ತಿತ್ತು. ಎದುರಿನ ಪೊದೆಯಿಂದ ಈಡು ಹಾರಿತು. ಹೇಂಟೆ ಕುಸಿಯಿತು. ಅವಳ ಟೋಪಿಯ ಮೇಲೆ ಮರದ ತೊಗಟೆ ಉದುರಿತು. ಈಡಿನ ಸೀಸದ ಚರೆಗಳು ತಲೆಗಿಂತ ಎರಡು ಗೇಣು ಮೇಲೆ ಮರಕ್ಕೆ ನಾಟಿದ್ದವು.

ಪೊದೆಯಿಂದ ಓಡಿಬಂದವನು ರಾಯ್ಸ್. ಬಿದ್ದ ಹಕ್ಕಿ ಹಾರಿಹೋಗದಂತೆ ಅದರ ಕತ್ತು ತುಳಿದ. ಬೂಟಿನಡಿ ರಬ್ಬರು ಬುಸ್ಸೆಂದಾಗಲೇ ಅವನು ತಲೆಯೆತ್ತಿ ಅವಳನ್ನು ಕಂಡದ್ದು. ಅವನ ಮುಖ ಸುಣ್ಣದಂತಾಯಿತು. ಸಂಜೆಯೊಳಗೆ ತಾನೇ ವನ್ಯಜೀವಿ ಅಧಿಕಾರಿಗೆ ತಪ್ಪೊಪ್ಪಿಕೊಳ್ಳುತ್ತೇನೆ, ನೀನು ಹೇಳಬೇಡ, ಮರ್ಯಾದೆಯ ಪ್ರಶ್ನೆ ಎಂದು ಕೈಹಿಡಿದು ಕೇಳಿಕೊಂಡ. ಅವಳು ಒಪ್ಪಿದಳು. ಈಗ ನೋಡಿದರೆ ತಪ್ಪು ಅವಳದು, ಕಥೆ ಅವನದು. ಶನಿವಾರ ಅದೇ ಹಾಲ್‌ನಲ್ಲಿ ನಲವತ್ತು ಜನರ ಮುಂದೆ ನಿಂತು ಅವನು ಬಂದೂಕು ಹಿಡಿಯುವುದನ್ನು ಹೇಳಿಕೊಡುವವನಿದ್ದ.

ಮಕ್ಕಳನ್ನು ಶಾಲೆಗೆ ಇಳಿಸಿದವಳೇ ಮನೆಗೆ ಹೋಗಿ ಎರಡೂ ಗೊಂಬೆ ತೆಗೆದುಕೊಂಡು ಹೋಟೆಲಿಗೆ ನಡೆದಳು.

ಕಿಟಕಿ ಪಕ್ಕದ ಮೇಜಿನಲ್ಲಿ ರಾಯ್ಸ್ ಮೊಟ್ಟೆ, ಹಂದಿಮಾಂಸ ತಿನ್ನುತ್ತಿದ್ದ. ಎದುರಿಗೆ ಗರಗಸದ ಮಿಲ್ಲಿನಿಂದ ನಿವೃತ್ತನಾದ ಮುದುಕ ಆರ್ವಿಲ್ ಮತ್ತು ಇನ್ನಿಬ್ಬರು.

"ಬಂದ್ಲಪ್ಪಾ ಬಲೂನಿನ ರಾಣಿ," ಎಂದ ಆರ್ವಿಲ್. "ಕೂತ್ಕೋ ತಾಯಿ. ಕಾಫಿ ನಂದು."

"ಕಾಫಿ ಆಮೇಲೆ. ರಾಯ್ಸ್, ನೀನು ಹೊಡೆದದ್ದು ಯಾವ ಗೊಂಬೆಗೆ?"

"ಹೇಳಿದ್ನಲ್ಲ ಎಲ್ರಿಗೂ. ಎಳೆ ಹುಂಜ. ಕೆಂಪು ತಲೆ ಕಾಣಿಸ್ತು, ಹೊಡ್ದೆ. ಹೊಸದು ಕೊಡಿಸ್ತೀನಿ ಬಿಡು, ಇಷ್ಟಕ್ಕೆಲ್ಲ ಮುಖ ಊದಿಸ್ಕೋಬೇಡ."

"ಮುಖ ಅಲ್ಲ, ಬೇರೆ ಊದ್ತೀನಿ ನೋಡು."

ಅವಳು ಹುಂಜವನ್ನು ಬಾಯಿಗಿಟ್ಟು ಊದಿದಳು. ಐದಾರು ಉಸಿರಿಗೆ ಅದು ಎದೆಯುಬ್ಬಿಸಿಕೊಂಡು ಸಾಸ್ ಬಾಟಲಿಯ ಪಕ್ಕ ನಿಂತಿತು. ಬೆರಳಿನಿಂದ ಕುಟ್ಟಿದಳು. ಡಬ್ ಡಬ್ ಅಂದಿತು. ಒಂದೂ ತೂತಿರಲಿಲ್ಲ. ಯಾರೋ ನಕ್ಕರು.

"ಇದಕ್ಕೆ ನೀನು ಹೊಡೆದಿದ್ದು?"

ರಾಯ್ಸ್ ಫೋರ್ಕನ್ನು ಕೆಳಗಿಟ್ಟ.

ಎಲ್ಲೂ ಕೆಂಪಿಲ್ಲದ, ಮಾಸಲು ಕಂದು ಬಣ್ಣದ ಹೇಂಟೆಯನ್ನು ಅವಳು ಊದಿದಳು. ಊದಿದಷ್ಟೂ ಗಾಳಿ ಹೊರಟಿತು. ಮೇಜಿನ ಮೇಲಿದ್ದ ಕಾಗದದ ಕರವಸ್ತ್ರ ಅದುರಿತು. ಅವಳ ಕತ್ತಿನ ನರಗಳು ಉಬ್ಬಿದವು, ಕಣ್ಣಲ್ಲಿ ನೀರು ಬಂತು, ಊದುವುದನ್ನು ಬಿಡಲಿಲ್ಲ. ಈಗ ಯಾರೂ ನಗುತ್ತಿರಲಿಲ್ಲ. ಆರ್ವಿಲ್ ಕೈಚಾಚಿ ಗೊಂಬೆಯ ಕತ್ತನ್ನು ಹಿಡಿದು ತೂತುಗಳ ಮೇಲೆ ಹೆಬ್ಬೆರಳು ಆಡಿಸಿದ.

"ಇದು ಹೇಂಟೆ ಕಣೋ ರಾಯ್ಸ್."

"ಮಬ್ಬು ಬೆಳಕಿತ್ತು."

"ಮಬ್ಬಲ್ಲಿ ಕೆಂಪು ತಲೆ ಹೆಂಗೆ ಕಾಣಿಸ್ತೋ? ಅವಳು ಎಲ್ಲಿ ಕೂತಿದ್ಲು?"

"ಅದರ ಹಿಂದೆ," ಎಂದಳು ವೆಲ್ಡಾ. "ಹದಿನೆಂಟು ಹೆಜ್ಜೆ. ಕಥೆಯಲ್ಲಿ ಅದನ್ನ ಹೇಳಲಿಲ್ವಾ ಇವನು?"

ಆರ್ವಿಲ್ ಗೊಂಬೆಯನ್ನು ಮೇಜಿನ ಮೇಲೆ ಬಿಟ್ಟು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ರಾಯ್ಸ್ ದನಿ ತಗ್ಗಿಸಿದ. "ಮನೆ ವಿಷಯ ಮನೇಲಿ ಮಾತಾಡೋಣ. ಲಾನಿಗೆ ಇದೆಲ್ಲ ಇಷ್ಟ ಆಗಲ್ಲ."

"ಲಾನಿ ನನ್ನ ಗಂಡ, ನಿನ್ನ ವಕೀಲ ಅಲ್ಲ. ನಿನ್ನೆ ಮನೆ ವಿಷಯ ಅಂತ ಸುಮ್ಮನಿದ್ದೆ. ಇವತ್ತು ನೀನು ಅದನ್ನ ಹೋಟ್ಲಿಗೆ ತಂದೆ."

"ಹನ್ನೊಂದು ವರ್ಷ ಪಾಠ ಹೇಳಿದ್ದೀನಿ. ಒಂದು ತಪ್ಪಿಗೆ ಅದನ್ನೆಲ್ಲ ಕಿತ್ಕೊಳ್ತೀಯಾ?"

"ತಪ್ಪಿಗೆ ಅಲ್ಲ. ಆ ತಪ್ಪನ್ನ ನನ್ನ ತಲೆಗೆ ಕಟ್ಟಿದ್ಯಲ್ಲ, ಅದಕ್ಕೆ."

ಗಲ್ಲಾದ ಪಕ್ಕದ ಗೋಡೆಯಲ್ಲಿ ವನ್ಯಜೀವಿ ಅಧಿಕಾರಿಯ ನಂಬರಿನ ಚೀಟಿ ಇತ್ತು. ಹೋಟೆಲಿನೊಡತಿ ಏನೂ ಕೇಳದೆ ಫೋನನ್ನು ಮುಂದಕ್ಕೆ ತಳ್ಳಿದಳು. ವೆಲ್ಡಾ ನಂಬರು ಒತ್ತಿ, ತನ್ನ ಹೆಸರು, ಜಾಗ, ಹೊತ್ತು ಹೇಳಿದಳು. ಹೊಡೆದವರು ಯಾರು ಎಂದು ಆ ಕಡೆಯಿಂದ ಕೇಳಿದಾಗ ರಿಸೀವರನ್ನು ಮೇಜಿನ ಕಡೆ ಚಾಚಿದಳು. ಅದರ ಸುರುಳಿ ತಂತಿ ಕೌಂಟರಿನಾಚೆಗೂ ಹಿಗ್ಗಿ ಬಿಗಿಯಾಯಿತು.

"ಎದ್ದು ಬಾ. ನೀನೇ ಹೇಳು."

ಅವನು ಏಳಲಿಲ್ಲ. ಆರ್ವಿಲ್ ಕುರ್ಚಿಯನ್ನು ಹಿಂದೆ ಎಳೆದು ಅವನಿಗೆ ದಾರಿ ಬಿಟ್ಟ. ಮಿಕ್ಕ ಇಬ್ಬರೂ ಕಾಲು ಮುದುಡಿಕೊಂಡರು. ರಾಯ್ಸ್ ಎದ್ದು ಬಂದು ಫೋನು ಹಿಡಿದ. ಹೆಸರು ಹೇಳಿದ. ಆ ಕಡೆಯ ದನಿ ಏನೋ ಕೇಳಿತು. ಅವನು ಗೋಡೆಯ ಕಡೆ ತಿರುಗಿಕೊಂಡ.

"ಗಡ್ಡ ಇತ್ತೋ ಇಲ್ವೋ..." ಎಂದು ನಿಲ್ಲಿಸಿದ. "ನೋಡ್ಲಿಲ್ಲ. ಏನೋ ಅಲುಗಾಡ್ತು, ಹೊಡೆದೆ."

ವೆಲ್ಡಾ ಅವನ ಕೈಯಿಂದ ಫೋನು ಕಿತ್ತುಕೊಂಡಳು. "ಕೇಳಿಸ್ತಲ್ಲ ಸಾರ್? ಅವನು ಹೇಳಿದ ಹಾಗೇ ಬರ್ಕೊಳ್ಳಿ. ಒಂದು ಪದ ಬದಲಾಯಿಸಬೇಡಿ."