ಇಪ್ಪತ್ತಮೂರು ಹುಡುಗಿಯರ ಅರ್ಜಿ

೧೯೩೮ರ ಬೇಸಿಗೆಯಲ್ಲಿ ಕುಲಗೋಡದ ಅಪ್ಪಣ್ಣ ಮಾಸ್ತರರ ಅರ್ಜಿ ಎರಡನೆಯ ಸಲ ಬೆಳಗಾವಿಯಿಂದ ತಿರುಗಿ ಬಂತು. ಊರಲ್ಲೊಂದು ಹೆಣ್ಣುಮಕ್ಕಳ ಶಾಲೆ ತೆರೆಯಲು ಜಿಲ್ಲಾ ಬೋರ್ಡಿನ ಗ್ರ್ಯಾಂಟು ಕೇಳಿ ಬರೆದ ಅರ್ಜಿ ಅದು. ಅಂಚಿನಲ್ಲಿ ಕೆಂಪು ಶಾಯಿಯ ಒಂದೇ ಸಾಲು: "ಹುಡುಗಿಯರು ಎಷ್ಟು? ಕೂಡಿಸುವ ಜಾಗ ಎಲ್ಲಿ?"

ಮಾಸ್ತರರು ಮನೆಯ ಕಟ್ಟೆಯ ಮೇಲೆ ಮುಖ ಸಣ್ಣದು ಮಾಡಿ ಕೂತಿದ್ದಾಗ ಕುರುಬರ ಯಲ್ಲಕ್ಕ ಬೆಣ್ಣೆ ಕೊಡಲು ಬಂದಳು. "ಓದ್ರಿ ನೋಡೂಣು, ಏನ್ ಬರದೀರಿ," ಎಂದು ಅಲ್ಲೇ ಕೂತಳು.

ಮಾಸ್ತರರು ರಾಗವಾಗಿ ಓದಿದರು. ಪ್ರಜಾವತ್ಸಲರೂ ದಯಾಸಾಗರರೂ ಆದ ಸಾಹೇಬರ ಸನ್ನಿಧಾನಕ್ಕೆ ಎಂದು ಶುರುವಾಗಿ, ವಿದ್ಯೆಯೆಂಬ ಜ್ಯೋತಿ, ಅಜ್ಞಾನವೆಂಬ ಕತ್ತಲೆ ಎಂದೆಲ್ಲ ಸುತ್ತಿ, ಎರಡು ಪುಟ ತುಂಬಿತ್ತು.

"ಭಾಳ ಚಂದ ಐತ್ರಿ," ಎಂದಳು ಯಲ್ಲಕ್ಕ. "ಆದ್ರ ಇದ್ರಾಗ ನಮ್ಮ ಹುಡುಗ್ಯಾರು ಎಲ್ಲಿ ಅದಾರ್ರಿ?"

ಮಾಸ್ತರರು ನಾಚಿ ಕೆಂಪಾದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅಂದಿನಿಂದ ಕಾಗದ ಹಿಡಿದು ಮನೆ ಮನೆ ಅಲೆದರು. ಕೆಲವರು ಬಾಗಿಲು ಮುಚ್ಚಿಕೊಂಡರು. ಕೆಲವು ತಾಯಂದಿರು ಓಣಿಯ ತನಕ ಬೆನ್ನುಹತ್ತಿ ಬಂದು ಮಗಳ ಹೆಸರು ಕೂಗಿ ಬರೆಸಿದರು. ಕಾಗದದ ಮೇಲೆ ಒಂದು ಸಾಲು: "ರಾಯಪ್ಪನ ಮಗಳು ಗುಡ್ಡವ್ವ, ಒಂಬತ್ತು ವರ್ಷ. ನೂರು ಕುರಿ ಎಣಿಸಬಲ್ಲಳು, ಅಕ್ಷರ ಬಾರದು." ಹೀಗೆ ಮೂರು ದಿನಕ್ಕೆ ಇಪ್ಪತ್ತಮೂರು ಹೆಸರಾದವು.

ಉಳಿದದ್ದು ಜಾಗ. ಊರ ಹಿರಿಯ ದುಂಡಪ್ಪನ ಹಳೆಯ ಮನೆಯಲ್ಲಿ ಮೇವು ಬಿಟ್ಟರೆ ಬೇರೇನೂ ಇರಲಿಲ್ಲ. ಆದರೆ ಮಾಸ್ತರರು ಅವನಿರುವ ಮನೆಯ ಕಟ್ಟೆಗೆ ಹೋಗಿ ಕೇಳಿದಾಗ ದುಂಡಪ್ಪ ತಲೆ ಅಲ್ಲಾಡಿಸಿದ.

"ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ರಿ, ಮಾಸ್ತರ. ಆದ್ರ ಕೊಟ್ಟ ಮನ್ಯಾಗ ರೊಟ್ಟಿ ಬಡ್ಯಾಕ ಅಕ್ಷರ ಯಾಕ್ರಿ? ನಾಳೆ ಓದಿದಾಕಿಗೆ ವರ ಸಿಗದಿದ್ರ ಮಂದಿ ನನ್ನ ಬಾಗಿಲಿಗೆ ಬಂದು ಬಯ್ತಾರ."

"ಓದಿದಾಕಿ ರೊಟ್ಟಿ ಬಡಿಯೂದು ಬಿಡ್ತಾಳೇನ್ರಿ?" ಎಂದರು ಮಾಸ್ತರರು. ದುಂಡಪ್ಪ ಮತ್ತೆ ತಲೆ ಅಲ್ಲಾಡಿಸಿದ.

ಆಗ ಬಾಗಿಲ ಮರೆಯಿಂದ ಅವನ ಹೆಂಡತಿ ಕಾಶೆವ್ವನ ದನಿ ಬಂತು. "ಹುಕ್ಕೇರಿಗೆ ಕೊಟ್ಟ ನಮ್ಮ ಮಗಳು ಶಿವಗಂಗವ್ವನ ಪತ್ರ ಬಂದ್ರ ಓದಾವ್ರು ಯಾರ್ರಿ?"

"ನಾನ," ಎಂದ ದುಂಡಪ್ಪ. "ಈ ಕಟ್ಟಿ ಮ್ಯಾಲೆ, ಎಲ್ಲಾರ ಮುಂದ."

"ಅಲ್ಲಿ ಬರಿಯಾವ್ರು?"

"ಆಕಿ ಮಾವ."

"ಆಕೀನ ಕೊಟ್ಟು ಐದು ವರ್ಷಾತು. ಎಲ್ಲಾ ಪತ್ರದಾಗೂ ಕ್ಷೇಮ ಅಂತನ ಐತಿ. ಆಕಿ ಕೂಸು ತೀರಿಹೋದ ತಿಂಗಳೂ ಕ್ಷೇಮ ಅಂತನ ಬಂತು. ಹೆತ್ತಾಕಿ ಮುಂದ ಹೇಳೂ ಮಾತು ಮಾವನ ಕೈಲೆ ಹೆಂಗ ಬರಸ್ತಾಳ್ರಿ ಆಕಿ?"

ದುಂಡಪ್ಪ ರುಮಾಲಿನ ತುದಿ ತಿರುವಿದ. "ಸಾಹೇಬ್ರು ಜಾಗ ಎಲ್ಲಿ ಅಂತ ಕೇಳ್ಯಾರಲ್ರಿ," ಎಂದ, "ಅದರ ಮುಂದ ನನ್ನ ಮನಿ ಬರೀರಿ. ನಾಳೆನ ಮೇವು ತಗಸ್ತೇನಿ."

ಹೊಸ ಅರ್ಜಿ ಒಂದೇ ಪುಟವಾಯಿತು. ಇಪ್ಪತ್ತಮೂರು ಹೆಸರು, ವಯಸ್ಸು, ಕೋಣೆಯ ಉದ್ದಗಲ, ಎರಡು ಕಿಟಕಿ, ಕುಡಿಯುವ ನೀರು ತರುವವಳು ಯಲ್ಲಕ್ಕ. ರೂಢಿ ಪೂರ್ತಿ ಬಿಡಲಾರದೆ ಮಾಸ್ತರರು "ದಯಾಸಾಗರ" ಎಂಬುದನ್ನು ಒಂದೇ ಸಲ ಬರೆದರು.

ಮಳೆಗಾಲ ಮುಗಿಯುವಷ್ಟರಲ್ಲಿ ಗ್ರ್ಯಾಂಟು ಮಂಜೂರಾಯಿತು. ಯಲ್ಲಕ್ಕ ಓಣಿಯಲ್ಲೆಲ್ಲ ಕೂಗಿ ಹೇಳಿದಳು, ಮನೆ ಮನೆಯಲ್ಲಿ ಹೋಳಿಗೆಯ ಕಣಕ ನೆನೆಯಿತು. ದುಂಡಪ್ಪ ತಾನೇ ನಿಂತು ಗೋಡೆಗೆ ಸುಣ್ಣ ಬಳಿಸಿದ.

ದೀಪಾವಳಿಯ ನಂತರ ತಪಾಸಣೆಗೆ ಬೋರ್ಡಿನ ಸಾಹೇಬರು ಬಂದರು. ಹುಡುಗಿಯರು ಮಗ್ಗಿ ಹೇಳಿದರು, ಹಾಡು ಹೇಳಿದರು. ಸಾಹೇಬರು ತಲೆ ಎಣಿಸಿ ಹುಬ್ಬೇರಿಸಿದರು.

"ಇಪ್ಪತ್ತಮೂರು ಅಂತ ಬರದೀರಿ. ಇಪ್ಪತ್ನಾಕು ಮಂದಿ ಅದಾರಲ್ರಿ, ಮಾಸ್ತರ?"

ಗೋಡೆಯ ಹತ್ತಿರ, ತಲೆತುಂಬ ಸೆರಗು ಹೊದ್ದು, ತೊಡೆಯ ಮೇಲೆ ಬರೆಯುವ ಕಲ್ಲಿನ ಪಾಟಿ ಇಟ್ಟುಕೊಂಡು ಕಾಶೆವ್ವ ಕೂತಿದ್ದಳು. ಎಲ್ಲರೂ ಬಾಗಿಲಲ್ಲಿ ನಿಂತ ದುಂಡಪ್ಪನ ಕಡೆ ತಿರುಗಿದರು. ಅವನು ಕೆಮ್ಮಿದ.

"ಆಕೀದೂ ಬರಕೊಳ್ರಿ, ಸಾಹೇಬ್ರ."

"ತಡೀರಿ," ಎಂದು ಕಾಶೆವ್ವ ಎದ್ದು ಬಂದಳು. "ನನ್ನ ಹೆಸರು ನಾನ ಬರೀತೇನಿ."

ಸಾಹೇಬರು ಪಟ್ಟಿಯನ್ನು ಅವಳತ್ತ ಸರಿಸಿ ಲೇಖನಿ ಕೊಟ್ಟರು. ಅವಳು ತುಟಿ ಕಚ್ಚಿ ಒಂದೊಂದೇ ಅಕ್ಷರ ಮೂಡಿಸಿದಳು: ಕಾಶೆವ. ಸುತ್ತ ಮುತ್ತಿದ ಹುಡುಗಿಯರು ಒಮ್ಮೆಲೆ ಕೂಗಿದರು, "ಆಯಿ, ವ ಕೆಳಗ ಇನ್ನೊಂದು ವ!"

"ಗೊತ್ತೈತಿ, ತಡೀರಿ, ಬರಿಯಾಕತ್ತೇನಿ," ಎಂದು ನಗುತ್ತ ಕಾಶೆವ್ವ ಮತ್ತೆ ಬಾಗಿದಳು.