ಒಂದು ಗುಟುಕು ಮಜ್ಜಿಗೆ

ನನ್ನ ಹೆಂಡತಿ ಸೀತಾಬಾಯಿ ಹೋಗಿ ನಾಲ್ಕು ತಿಂಗಳಾಗಿತ್ತು. ಅವಳ ತವರು ರಾರಾವಿಯ ಹೊಳೆದಂಡೆಯಲ್ಲಿ ಕರ್ಮಗಳನ್ನು ಮುಗಿಸಿ ಬಳ್ಳಾರಿಗೆ ಮರಳಿದ ಮೇಲೆ ನಾನು ಯಾರಿಗೂ ಬುದ್ಧಿ ಹೇಳುವುದನ್ನು ಬಿಟ್ಟಿದ್ದೆ. ಮೊದಲು ಹಾಗಿರಲಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದವನು. ಓಣಿಯಲ್ಲಿ ಯಾರ ಮನೆಯಲ್ಲಿ ತೊಡಕಾದರೂ ನನ್ನನ್ನೇ ಕೇಳಲು ಬರುತ್ತಿದ್ದರು.

ರಂಜಾನಿನ ಒಂದು ಮಧ್ಯಾಹ್ನ ಎದುರುಮನೆಯ ಬಾನುಬೀ ಓಡುತ್ತ ಬಂದಳು.

"ಮಾಸ್ತರ್ರೇ, ಇವ್ರು ಜೀನ್ಸ್ ಬಟ್ಟಿ ಕತ್ತರಿಸ್ತಾ ಟೇಬಲ್ ಮ್ಯಾಲೇ ಬಿದ್ದುಬಿಟ್ರು. ಶುಗರ್ ಇಳದೈತಿ. ಡಾಕ್ಟರು ರೋಜಾ ಬ್ಯಾಡ ಅಂದಾರ. ಮಸೀದಿ ಹಜರತ್ರೂ ಕಾಯಿಲಿದ್ದೋರಿಗೆ ಮಾಫಿ ಐತಿ, ಬದಲಿಗೆ ಬಡವರಿಗೆ ಊಟ ಹಾಕು ಅಂದಾರ. ಯಾರ ಮಾತೂ ಕೇಳವಲ್ರು. ಇನ್ನೊಮ್ಮೆ ಬಿದ್ರ ಉಳಿಯಂಗಿಲ್ಲಂತ. ನೀವೊಂದು ಮಾತು ಹೇಳ್ರಿ."

ನನ್ನ ಮಾತಿಗೆ ಈಗ ಬೆಲೆಯಿಲ್ಲ ಎನ್ನಬೇಕೆನಿಸಿತು. ಅನ್ನದೆ ಅವಳ ಹಿಂದೆ ಹೋದೆ.

ಅವಳ ಗಂಡ ಹುಸೇನಬಾಷಾ ಮಂಚದ ಮೇಲೆ ಒರಗಿದ್ದ. ಹಣೆಯ ತುಂಬ ಬೆವರು, ತುಟಿ ಬಿಳಿಚಿತ್ತು. ಬದಿಯಲ್ಲಿ ಸಕ್ಕರೆನೀರಿನ ಲೋಟ ಮುಟ್ಟದೆ ಇತ್ತು. ನನ್ನನ್ನು ಕಂಡು ನಕ್ಕ.

"ಬರ್ರಿ ಮಾಸ್ತರ್ರೇ. ಏಕಾದಶಿ ದಿನ ನಮ್ಮನಿ ಚಾ ವಾಸನಿ ಬಂದ್ರ ಕಿಟಕಿ ಹಾಕ್ಕೊಳ್ಳೋರು ನೀವು, ನನಗ ರೋಜಾ ಬಿಡು ಅನ್ನಾಕ ಬಂದ್ರೇನು?"

"ಹೌದಲೇ ಬಾಷಾ, ಅದಕ್ಕ ಬಂದೀನಿ."

"ಐವತ್ತು ವರ್ಷದಾಗ ಒಂದೂ ತಪ್ಪಿಸಿಲ್ರಿ. ಹೊತ್ತು ಮುಳುಗಾಕ ಇನ್ನು ಮೂರು ತಾಸು. ತಡಕೊಂತೀನಿ."

ಆ ಕೊನೆಯ ಮಾತು ಎದೆಗೆ ತಾಗಿತು. ಅವನ ಕಾಲ ಬಳಿ ಕುಳಿತೆ. ಮಕ್ಕಳಿಗೂ ಹೇಳದಿದ್ದುದನ್ನು ಅವನಿಗೆ ಹೇಳಿದೆ.

"ನಮ್ಮಾಕಿ ಹೋಗಿದ್ದು ಕಾರ್ತೀಕದ ಏಕಾದಶಿ. ವಾರದಿಂದ ಜ್ವರ. ಮಧ್ಯಾಹ್ನ, ಒಂದು ಗುಟುಕು ಮಜ್ಜಿಗಿ ಕೊಡ್ರಿ ಅಂದ್ಲು. ರೋಗಿಗೆ ಉಪವಾಸ ಇಲ್ಲಂತ ಮಂದಿಗೆಲ್ಲ ಹೇಳಿದಾವ ನಾನು. ಅಕಿಗೆ ಮಾತ್ರ, ನಲವತ್ತು ವರ್ಷ ನಡಸೀದಿ, ಒಂದಿನ ತಡಕೋ, ನಾಳೆ ದ್ವಾದಶಿ ಪಾರಣಿಗೆ ನಾನೇ ಕುಡಿಸ್ತೀನಿ ಅಂದೆ. ಅಕಿ ವ್ರತ ಕಾಯಾಕತ್ತೀನಿ ಅಂತ ತಿಳದಿದ್ದೆ. ಕಾದಿದ್ದು ಮಂದ್ಯಾಗ ನನಗಿದ್ದ ಹೆಸರು. ದೀಪ ಹಚ್ಚೋ ಹೊತ್ತಿಗೆ ಹೋದ್ಲು."

ಬಾಗಿಲಲ್ಲಿ ಬಾನುಬೀ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಾಷಾ ಎದ್ದು ಕುಳಿತ.

"ಅಕ್ಕಾರು ಏನಂದ್ರು?"

"ಆಗ್ಲಿ ಅಂದ್ಲು. ಅಷ್ಟ."

ಮತ್ತೆ ಅಂದೆ: "ದೇವರಿಗಂತ ಉಪವಾಸ ಮಾಡ್ತೀವಿ ಬಾಷಾ. ಆ ದಿನ ದೇವರು ಅಕಿ ಬಾಯಿಂದ ಮಜ್ಜಿಗಿ ಕೇಳಿದ. ನಾಳೆ ಬಾ ಅಂತ ಕಳಿಸಿಬಿಟ್ಟೆ."

ಕೆಲಸದವರ ಹೊಲಿಗೆಯಂತ್ರವೊಂದು ಪಕ್ಕದ ಕೋಣೆಯಲ್ಲಿ ಓಡಿ ನಿಂತಿತು. ಬಾಷಾ ಲೋಟದತ್ತ ಕೈ ಚಾಚಿದ. ಲೋಟವನ್ನು ನಾನೇ ಎತ್ತಿ ಅವನ ತುಟಿಗೆ ಹಿಡಿದೆ. ಅವನು ಬಿಸ್ಮಿಲ್ಲಾ ಎಂದು ಕಣ್ಣು ಮುಚ್ಚಿ ಕುಡಿದ. ಮುಚ್ಚಿದ ಕಣ್ಣಿನಿಂದ ನೀರಿಳಿದು ಗಡ್ಡದೊಳಗೆ ಹೋಯಿತು. ಒಂದೊಂದು ಗುಟುಕೂ ಅವನ ಗಂಟಲಲ್ಲಿ ಇಳಿಯುವುದನ್ನು ನೋಡುತ್ತ ಕುಳಿತೆ.

"ಇನ್ನೇನು ತರ್ಲಿ?" ಎಂದಳು ಬಾನುಬೀ.

"ಮಜ್ಜಿಗಿ ಇದ್ರ ತಾರವ್ವಾ," ಎಂದೆ. "ನಾನೇ ಕುಡಿಸ್ತೀನಿ."